ಮುಗ್ಗರಿಸುವ ಮೋಟಾರು ದೋಣಿ

ಆ ಶುಕ್ರವಾರ ಕೆರೆ ದಂಡೆಯ ಮೇಲೆ ನಾನು ಇನ್ನು ಅರ್ಧ ಗಂಟೆ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದ್ದರೆ ಒಬ್ಬ ಮನುಷ್ಯನ ಬಲಗೈ ಮಣಿಕಟ್ಟು ಮುರಿಯುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ‘ಕಡೆಗೂ ಕಂಡುಹಿಡಿದೆಯಲ್ಲ, ಗಟ್ಟಿಗ ಬಿಡಪ್ಪ’ ಎಂದು ಈಗಲೂ ಕೆಲವರು ಬೆನ್ನು ತಟ್ಟುತ್ತಾರೆ. ಅವರ ಕೈ ಹಿಡಿದು ತಿರುಚಿಬಿಡೋಣ ಅನ್ನಿಸುತ್ತದೆ ನನಗೆ.

ಬಂಗಾರಪೇಟೆಯ ರೈಲ್ವೆ ಗೇಟಿನ ಹತ್ತಿರ ನನ್ನದೊಂದು ಗ್ಯಾರೇಜು. ಹಳೇ ಟೂ ಸ್ಟ್ರೋಕ್ ಬೈಕು, ತೋಟಕ್ಕೆ ಔಷಧಿ ಹೊಡೆಯುವ ಮಿಷೀನು, ಪೆಟ್ರೋಲ್ ಪಂಪ್‌ಸೆಟ್ಟು, ಇಂಥವು ಬರುತ್ತವೆ. ಮನೆ ಚಿನ್ನದ ಗಣಿ ಕಡೆಯ ಮೈಸೂರು ಮೈನ್ಸಿನಲ್ಲಿ. ಬೆಳಿಗ್ಗೆ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬಂದು ಶೆಟರ್ ಎತ್ತುತ್ತೇನೆ. ಅವತ್ತು ನಾನು ಬರುವ ಹೊತ್ತಿಗೆ ಗ್ಯಾರೇಜಿನ ಮುಂದೆ ಒಂದು ಜೀಪು ನಿಂತಿತ್ತು. ಅದರಿಂದ ಇಳಿದವನು ಕಾಮಸಮುದ್ರದ ಆಚೆಯ ದೊಡ್ಡ ಕೆರೆಯಲ್ಲಿ ಮೀನು ಹಿಡಿಯುವ ಟೆಂಡರ್ ತೆಗೆದುಕೊಂಡಿದ್ದ ಕಂಟ್ರಾಕ್ಟರ್. ಎತ್ತರದ ಆಳು, ಹಣೆ ತುಂಬ ವಿಭೂತಿ, ಕಣ್ಣು ಕೆಂಡ. ಹಿಂದೆ ಅವನ ಕಡೆಯ ನಾಲ್ಕು ಜನ.

“ಬೋಟ್ ಮೋಟಾರ್ ನೋಡ್ತೀಯಂತೆ. ಅತ್ತು ಜೀಪು” ಅಂದ. ಕೇಳಿದ್ದಲ್ಲ, ಅಪ್ಪಣೆ. ನನಗೆ ಸಿಟ್ಟು ಬಂತು. ಆದರೂ ಟೂಲ್ಸ್ ಚೀಲ ತೆಗೆದುಕೊಂಡು ಹತ್ತಿದೆ. ಅವನ ಮುಖ ಹಾಗಿತ್ತು.

ದಾರಿಯಲ್ಲಿ ವಿಷಯ ಗೊತ್ತಾಯಿತು. ಎರಡು ದಿನದ ಹಿಂದೆ ಬೆಳಗಿನ ಹೊತ್ತು ಲಾರಿ ಟ್ಯೂಬುಗಳ ಮೇಲೆ ಕೂತು ಮೀನು ಕಳ್ಳರು ಕೆರೆಗೆ ಇಳಿದಿದ್ದಾರೆ. ಕಂಟ್ರಾಕ್ಟರನ ತಮ್ಮ ಮೋಟಾರು ದೋಣಿ ಹತ್ತಿ ಅಟ್ಟಿಸಿಕೊಂಡು ಹೋಗಿದ್ದಾನೆ. ದೋಣಿ ನಡೆಸುತ್ತಿದ್ದವನು ಸಂಬಳಕ್ಕಿದ್ದ ದೋಣಿಯಾಳು. ಕಳ್ಳರ ಹತ್ತಿರ ಹೋಗಿ ಪೂರ್ತಿ ಎಕ್ಸಲೇಟರ್ ಕೊಟ್ಟ ಕ್ಷಣಕ್ಕೇ ಎಂಜಿನ್ ಓಡುವ ಬದಲು ಕೆಮ್ಮಿ ಮುಗ್ಗರಿಸಿ ಕುಂತುಬಿಟ್ಟಿದೆ. ಕಳ್ಳರು ತಿರುಗಿಬಿದ್ದು ತಮ್ಮನ ತಲೆಗೆ ಬಿದಿರು ಗಳದಲ್ಲಿ ಬಾರಿಸಿದ್ದಾರೆ. ತಲೆಬುರುಡೆ ಬಿರುಕು ಬಿಟ್ಟು ಅವನು ಕೋಲಾರದಲ್ಲಿ ಆಸ್ಪತ್ರೆ ಸೇರಿದ್ದ, ಇನ್ನೂ ಕಣ್ಣು ಬಿಟ್ಟಿರಲಿಲ್ಲ.

“ನನ್ ತಮ್ಮನ ತಲೆ ಒಡ್ದೋಯ್ತು. ಆ ದೋಣಿ ಓಡ್ಸೋನ ಮೈ ಮೇಲೆ ಒಂದು ಗೀರಿಲ್ಲ. ಎಂಗೆ? ಏಳು ನೋಡಾನ, ಎಂಗೆ?” ಎಂದು ಕಂಟ್ರಾಕ್ಟರ್ ಜೀಪಿನ ಡ್ಯಾಶ್‌ಬೋರ್ಡಿಗೆ ಗುದ್ದಿದ. “ಕಳ್ಳರ ಜೊತೆ ಸೇರ್ಕೊಂಡು ಮಿಷೀನ್‌ಗೆ ಏನೋ ಮಾಡವ್ನೆ ನನ್ ಮಗ. ಏನ್ ಮಾಡವ್ನೆ ಅಂತ ನೀನು ಏಳ್ಬೇಕು.”

ಅಲ್ಲಿಗೆ ನನ್ನ ಕೆಲಸ ಏನು ಎಂಬುದು ಗೊತ್ತಾಯಿತು. ಮೋಟಾರಿಗೆ ಏನಾಗಿದೆ ಎಂದು ನೋಡಲು ನನ್ನನ್ನು ಕರೆದಿರಲಿಲ್ಲ. ಅವನ ಮೇಲೆ ಹೊರಿಸಲು ಒಂದು ಕಾರಣ ಬೇಕಿತ್ತು.

ದೋಣಿ ಹಳೆಯದು, ಫೈಬರಿನದು, ಸಮುದ್ರದ ಕಡೆಯಿಂದ ಲಾರಿಯಲ್ಲಿ ತಂದಿದ್ದು. ಹಿಂಭಾಗಕ್ಕೆ ನೇತುಹಾಕಿದ ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಮೋಟಾರು. ಪೆಟ್ರೋಲ್ ಟ್ಯಾಂಕು ಬೇರೆಯೇ, ಕೆಂಪು ಪ್ಲಾಸ್ಟಿಕ್ಕಿನದು, ದೋಣಿಯ ಒಳಗೆ ಕೂತಿರುತ್ತದೆ. ಅಲ್ಲಿಂದ ಎಂಜಿನ್ನಿಗೆ ಒಂದು ರಬ್ಬರ್ ಪೈಪು. ಪೈಪಿನ ನಡುವೆ ಒಂದು ರಬ್ಬರ್ ಬುರುಡೆ, ಬಿ.ಪಿ. ನೋಡುವಾಗ ಡಾಕ್ಟರು ಒತ್ತುತ್ತಾರಲ್ಲ, ಅಂಥದ್ದು. ಸ್ಟಾರ್ಟ್ ಮಾಡುವ ಮುಂಚೆ ಅದನ್ನು ಹಿಚುಕಿ ಪೆಟ್ರೋಲ್ ಮೇಲಕ್ಕೆ ಏರಿಸಬೇಕು. ಆಯುಧಪೂಜೆ ಕಳೆದು ಮೂರು ವಾರವಾಗಿತ್ತು. ಮೋಟಾರಿಗೂ ಟ್ಯಾಂಕಿಗೂ ಹುಟ್ಟಿಗೂ ಬಳಿದ ಗಂಧ, ಅರಿಶಿನ, ಕುಂಕುಮ ಇನ್ನೂ ಹಾಗೇ ಇತ್ತು.

ದೋಣಿಯಾಳು ಬಲೆ ಒಣಗಿಸುವ ಗಳಗಳ ಹತ್ತಿರ ಕುಕ್ಕರಗಾಲಿನಲ್ಲಿ ಕೂತಿದ್ದ. ನಲವತ್ತರ ಆಸುಪಾಸು, ಸಣಕಲು. ತುಟಿ ಆಗಲೇ ಊದಿತ್ತು. ಇಬ್ಬರು ಅವನ ಅಕ್ಕಪಕ್ಕ ನಿಂತಿದ್ದರು. ನಾನು ಅವನನ್ನು ಒಂದು ಮಾತೂ ಕೇಳಲಿಲ್ಲ. ಮೆಕ್ಯಾನಿಕ್ ಆದವನು ಮೊದಲು ಮಾಡಬೇಕಾದ್ದೇ ಅದು: ಗಾಡಿ ಓಡಿಸುವವನನ್ನು ಕರೆದು ಏನಾಗುತ್ತದೆ, ಯಾವಾಗ ಆಗುತ್ತದೆ ಎಂದು ಕೇಳುವುದು. ನನ್ನ ಗ್ಯಾರೇಜಿಗೆ ಬರುವ ಮುದುಕರನ್ನೂ ಕೇಳುತ್ತೇನೆ. ಅವತ್ತು ಕೇಳಲಿಲ್ಲ, ಏಕೆಂದರೆ ಅವನ ಹತ್ತಿರ ಹೋದರೆ ನಾನೂ ಅವನ ಕಡೆಯವನಾಗುತ್ತಿದ್ದೆ.

ದೋಣಿಯನ್ನು ಹಗ್ಗದಲ್ಲಿ ಹೊಂಗೆ ಮರಕ್ಕೆ ಬಿಗಿದು, ಹಿಂಭಾಗ ನೀರಿನಲ್ಲೇ ಬಿಟ್ಟು ಕೆಲಸ ಶುರುಮಾಡಿದೆ. ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲ್ ಮೂಸಿದೆ. ವಾಸನೆ ಸರಿಯಾಗಿತ್ತು, ಆಯಿಲ್ ಪ್ರಮಾಣವೂ ಸರಿ. ಸ್ಟಾರ್ಟ್ ಮಾಡಿದೆ, ಎರಡನೇ ಎಳೆತಕ್ಕೇ ಹತ್ತಿಕೊಂಡಿತು. ಗೇರ್ ಹಾಕಿ ಎಕ್ಸಲೇಟರ್ ತಿರುವಿದರೆ ಗುಂಯ್ ಅಂತ ಏರಿತು. ಹಗ್ಗ ಬಿಗಿದು ಮರದ ಎಲೆ ಉದುರಿದವು. ಮುಗ್ಗರಿಸುವುದಿರಲಿ, ಒಂದು ಸಲ ಉಸಿರೂ ಕಟ್ಟಲಿಲ್ಲ. ಪ್ಲಗ್ ಬಿಚ್ಚಿದೆ, ಸ್ವಲ್ಪ ಮಸಿ ಹಿಡಿದಿತ್ತು, ಉಜ್ಜಿ ಗ್ಯಾಪ್ ನೋಡಿ ಹಾಕಿದೆ. ಕಾರ್ಬ್ಯುರೇಟರ್ ಇಳಿಸಿ ಪೆಟ್ರೋಲ್ ಚಿಮ್ಮುವ ಸಣ್ಣ ಜೆಟ್ಟಿನಲ್ಲಿ ತಂತಿ ಆಡಿಸಿ ಊದಿದೆ. ಎಕ್ಸಲೇಟರ್ ತಿರುವಿದಾಗ ಕಿಡಿಯ ಟೈಮಿಂಗೂ ಜೊತೆಯಲ್ಲೇ ಮುಂದಕ್ಕೆ ಸರಿಯಬೇಕು, ಅವೆರಡನ್ನೂ ಜೋಡಿಸುವ ಸರಳು ಸಡಿಲವಾಗಿದೆಯೇ ಎಂದು ನೋಡಿದೆ. ಬಿಗಿಯಾಗಿಯೇ ಇತ್ತು. ಪ್ರತಿ ಸಲ ಟ್ಯಾಂಕಿನ ಮುಚ್ಚಳ ತೆಗೆಯುವುದು, ಹಾಕುವುದು, ಸ್ಟಾರ್ಟ್ ಮಾಡುವುದು. ಪ್ರತಿ ಸಲವೂ ಎಂಜಿನ್ ಸರಿಯಾಗಿಯೇ ಓಡುವುದು. ಸರಿಯಾಗಿ ಓಡುವ ಎಂಜಿನ್ನಿನಲ್ಲಿ ತಪ್ಪು ಹುಡುಕುವುದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ.

ಎರಡು ಗಂಟೆ ಹೊತ್ತು ಕಳೆಯಿತು. ಬಿಸಿಲು ನೆತ್ತಿಗೆ ಬಂತು. ಕಂಟ್ರಾಕ್ಟರ್ ಬೀಡಿ ಎಸೆದು, “ಏನ್ ಮೆಕ್ಯಾನಿಕ್ಕಪ್ಪಾ ನೀನು! ಬಿಚ್ಚೋದು, ಇಕ್ಕೋದು, ಬಿಚ್ಚೋದು, ಇಕ್ಕೋದು. ಸೈಕಲ್ ಅಂಗಡಿ ಇಕ್ಕೋ ಓಗು” ಅಂದ. ಅವನ ಕಡೆಯವರು ಕಿಸಕ್ಕನೆ ನಕ್ಕರು.

ಆ ನಗು ನನ್ನ ನೆತ್ತಿಗೇರಿತು. ಎಂಜಿನ್ನಿನ ಪಕ್ಕದ ಫಿಲ್ಟರಿನ ಗಾಜಿನ ಬಟ್ಟಲು ಬಿಚ್ಚಿ ಬೆಳಕಿಗೆ ಹಿಡಿದೆ. ತಳದಲ್ಲಿ ಪೆಟ್ರೋಲಿನ ಅಡಿಯಲ್ಲಿ ಒಂದು ನೀರಿನ ತೊಟ್ಟು ಗುಂಡಗೆ ಹೊರಳಾಡಿತು. “ನೋಡಿ, ಇಲ್ಲಿದೆ” ಎಂದೆ. “ಪೆಟ್ರೋಲಿಗೆ ನೀರು ಸೇರಿದೆ.”

ಅಷ್ಟೇ ನಾನು ಹೇಳಿದ್ದು.

ಕಂಟ್ರಾಕ್ಟರ್ ಬಟ್ಟಲು ನೋಡಲೂ ಬರಲಿಲ್ಲ. ದೋಣಿಯಲ್ಲಿದ್ದ ಹುಟ್ಟು ಎಳೆದುಕೊಂಡು ಬಲೆ ಗಳಗಳ ಕಡೆ ನಡೆದ. ದೋಣಿಯಾಳು ಎದ್ದು ನಿಲ್ಲುವಷ್ಟರಲ್ಲಿ ಮೊದಲ ಏಟು ತೊಡೆಗೆ ಬಿತ್ತು. “ನೀರ್ ಆಕ್ತೀಯೇನ್ಲಾ? ನನ್ ಉಪ್ಪು ತಿಂದು ನೀರ್ ಆಕ್ತೀಯಾ?” ಇನ್ನೊಂದು ಬೆನ್ನಿಗೆ. ಅವನು “ಇಲ್ಲಣ್ಣೋ, ನನ್ ಮಕ್ಕಳಾಣೆ, ನಾನ್ ಆಕಿಲ್ಲ” ಎಂದು ಕೂಗುತ್ತಿದ್ದ. ಇಬ್ಬರು ಅವನನ್ನು ನೆಲಕ್ಕೆ ಕೆಡವಿದರು. ಒಬ್ಬ ಅವನ ಬಲಗೈ ಎಳೆದು ಗಳ ನೆಟ್ಟಿದ್ದ ಕಲ್ಲಿನ ಮೇಲಿಟ್ಟು ಕಾಲಿನಿಂದ ಮೆಟ್ಟಿ ಹಿಡಿದ. ಹುಟ್ಟು ಮೇಲೆ ಹೋಯಿತು, ಕೆಳಗೆ ಬಂತು. ಒಣ ಸೌದೆ ಮುರಿದ ಸದ್ದು ಬಂತು. ಆಮೇಲೆ ಅವನು ಕೂಗಿದ ಕೂಗು ನನ್ನ ಕಿವಿಯಿಂದ ಇವತ್ತಿಗೂ ಹೋಗಿಲ್ಲ.

ನಾನು ಏನು ಮಾಡಿದೆ? ಥೂ, ಹೇಳಲು ನಾಚಿಕೆಯಾಗುತ್ತದೆ. ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. ಕಂಟ್ರಾಕ್ಟರ್ ಏದುಸಿರು ಬಿಡುತ್ತಾ ಬಂದು, “ಸೋಮವಾರ ಬತ್ತೀಯ. ನೀರ್ ಬೆರೆಸಿದ್ದ ಅಂತ ಒಂದು ಪೇಪರ್‌ನಾಗೆ ಬರೆದು ಸೈನ್ ಆಕ್ತೀಯ. ಠಾಣೆಗೆ ಕೊಡ್ಬೇಕು. ಕೊಲೆಗೆ ಸಂಚು ಅಂತ ಒಳಗೆ ಆಕಿಸ್ತೀನಿ ಬೇವರ್ಸಿನ” ಅಂದ. ನಾನು ತಲೆ ಆಡಿಸಿದೆ. ಅದೇ ಜೀಪಿನಲ್ಲಿ ಕೂತು ಬಂಗಾರಪೇಟೆಗೆ ವಾಪಸು ಬಂದೆ.

ಭಾನುವಾರ ಅರ್ಧ ದಿನ ಗ್ಯಾರೇಜು ತೆರೆದಿರುತ್ತೇನೆ. ಒಂದು ಬೈಕಿನ ಸೈಲೆನ್ಸರ್ ಬಿಚ್ಚುತ್ತಿದ್ದೆ. ಯಾರೋ ಬಂದು ಎದುರು ನಿಂತ ಹಾಗಾಯಿತು. ತಲೆ ಎತ್ತಿದರೆ ಒಬ್ಬ ಹೆಂಗಸು. “ನೀರೈತೆ ಅಂದೋನು ನೀನೇನಾ?” ಎಂದು ಕೇಳಿದಳು. ಹೂಂ ಎಂದು ಹೇಳಿದೆನೋ ಇಲ್ಲವೋ, ಎಡಗೆನ್ನೆಗೆ ಚಪ್ಪಲಿ ಏಟು ಬಿತ್ತು. ಇನ್ನೊಂದು ಕಿವಿಯ ಮೇಲೆ. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗೆ ಬಿತ್ತು. ಅವಳು ನನ್ನ ಶರ್ಟಿನ ಕಾಲರ್ ಹಿಡಿದು ಗೋಡೆಗೆ ಒತ್ತಿದಳು. ಎದುರಿನ ಟೀ ಅಂಗಡಿಯವನು ಓಡಿಬಂದು “ಅಡಿಕ್ಕಾದೀಂಗಮ್ಮಾ, ಹೊಡೀಬೇಡಮ್ಮಾ” ಎಂದು ತಮಿಳು ಕನ್ನಡ ಬೆರೆಸಿ ಬೇಡಿಕೊಂಡ. ಅವಳು ಬಿಡಲಿಲ್ಲ. ಅವಳು ದೋಣಿಯಾಳಿನ ಹೆಂಡತಿ ಎಂದು ಯಾರೂ ಹೇಳಬೇಕಾಗಿರಲಿಲ್ಲ.

“ಎರಡು ತುಂಡಾಗೈತೆ ಕೈ! ಅನ್ನ ಕಲಸೋ ಕೈ!” ಅವಳ ಉಗುಳು ನನ್ನ ಮುಖಕ್ಕೆ ಸಿಡಿಯಿತು. “ಎರಡು ವಾರದಿಂದ ಬಡ್ಕೊಂತಾವ್ನೆ ನನ್ ಗಂಡ. ದಡದಾಗೆ ಸರಿ ಇರ್ತದೆ, ಕೆರೆ ಮಧ್ಯಕ್ಕೆ ಓದ್ರೆ ಮುಗ್ಗರಿಸ್ತದೆ, ಯಾರಾನ ಕರ್ಕೊಂಡ್ಬಂದು ತೋರಿಸಣ್ಣ ಅಂತ. ನೀನು ಬಂದೆಯಲ್ಲ, ಕೇಳಿದೆಯಾ ಅವನ್ನ? ಒಂದ್ ಮಾತು ಕೇಳಿದೆಯಾ? ನಿನ್ ಬಾಯಿಗೆ ಮಣ್ಣಾಕ!”

ಕೆನ್ನೆ ಉರಿಯುತ್ತಿತ್ತು. ಆದರೆ ಏಟಿಗಿಂತ ಜೋರಾಗಿ ತಗುಲಿದ್ದು ಆ ಮಾತು. ದಡದಲ್ಲಿ ಸರಿ, ನಡುನೀರಿನಲ್ಲಿ ಮುಗ್ಗರಿಕೆ. ಪೆಟ್ರೋಲಿನಲ್ಲಿ ನೀರಿದ್ದರೆ ಅದು ದಡ, ನಡುನೀರು ಎಂದು ನೋಡುವುದಿಲ್ಲ. ಸ್ಟಾರ್ಟ್ ಆಗುವಾಗಲೇ ಕಾಡುತ್ತದೆ.

“ಅಮ್ಮಾ, ಹೊಡೆದಿದ್ದು ಸಾಕು. ನಿಮ್ಮ ಮನೆಗೆ ಕರೆದುಕೊಂಡು ಹೋಗು” ಎಂದೆ.

ಅವಳು ನಂಬಲಿಲ್ಲ. ಶೆಟರ್ ಎಳೆದು ಬೀಗ ಹಾಕಿದ ಮೇಲೆ ಕಾಲರ್ ಬಿಟ್ಟಳು. ಕಾಮಸಮುದ್ರದ ಬಸ್ಸಿನಲ್ಲಿ ಅವಳು ಮುಂದೆ, ನಾನು ಹಿಂದೆ. ದಾರಿಯುದ್ದಕ್ಕೂ ಜನ ನನ್ನ ಊದಿದ ಕೆನ್ನೆ ನೋಡುತ್ತಿದ್ದರು.

ದೋಣಿಯಾಳು ಗೋಡೆಗೆ ಒರಗಿ ಕೂತಿದ್ದ. ಕೈಗೆ ಬೆರಳಿನ ತನಕ ಹಿಟ್ಟಿನ ಕಟ್ಟು. ನನ್ನನ್ನು ನೋಡಿ ಮುಖ ತಿರುಗಿಸಿದ. ನಾನು ಬಾಗಿಲಲ್ಲೇ ಕೂತು ಶುಕ್ರವಾರ ಕೇಳಬೇಕಾಗಿದ್ದ ಪ್ರಶ್ನೆಗಳನ್ನು ಭಾನುವಾರ ಕೇಳಿದೆ.

“ಸ್ಟಾರ್ಟ್ ಮಾಡಿ ಎಷ್ಟು ಹೊತ್ತಿಗೆ ಮುಗ್ಗರಿಸುತ್ತೆ?”

ಹೆಂಡತಿ “ಏಳು” ಎಂದು ಗದರಿದ ಮೇಲೆ ಬಾಯಿಬಿಟ್ಟ. “ಅತ್ತು ನಿಮಿಷ. ಕೆಲವು ಕಿತ ಕಾಲು ಗಂಟೆ.”

“ನಿಧಾನಕ್ಕೆ ಹೋದರೆ?”

“ಎಷ್ಟು ದೂರ ಬೇಕಾದ್ರೂ ಓಗ್ತದೆ. ಜೋರಾಗಿ ತಿರುವಿದ್ರೆ ಗಂಟಲು ಇಸುಕಿದಂಗೆ ಆಡ್ತದೆ.”

“ಮುಗ್ಗರಿಸಿದ ಮೇಲೆ ಏನು ಮಾಡ್ತೀಯ?”

“ದಡಕ್ಕೆ ಬಂದು ಮುಚ್ಚಳ ತೆಗೆದು ಪೆಟ್ರೋಲ್ ಐತಾ ಅಂತ ನೋಡ್ತೀನಿ. ಮತ್ತೆ ಸ್ಟಾರ್ಟ್ ಮಾಡಿದ್ರೆ ಸರಿ ಓಗ್ತದೆ. ಅದೇ ನನಗೂ ಅರ್ಥ ಆಗ್ತಿಲ್ಲ.”

ನನ್ನ ತಲೆಯಲ್ಲಿ ಮೂರು ಅನುಮಾನ ಉಳಿದವು. ಎಂಜಿನ್ ಬಿಸಿಯಾದ ಮೇಲೆ ಕಾಯಿಲ್ ಕಿಡಿ ಕೊಡದೆ ಇರಬಹುದು. ಹಳೇ ರಬ್ಬರ್ ಪೈಪಿನ ಒಳಪದರ ಕಿತ್ತು ಬಂದು ಎಳೆತ ಜಾಸ್ತಿಯಾದಾಗ ದಾರಿ ಮುಚ್ಚುತ್ತಿರಬಹುದು. ಇಲ್ಲವೇ ಟ್ಯಾಂಕಿಗೆ ಗಾಳಿ ಹೋಗುತ್ತಿಲ್ಲ. ಪೆಟ್ರೋಲ್ ಹೊರಗೆ ಹೋದಷ್ಟೂ ಟ್ಯಾಂಕಿನ ಒಳಗೆ ಗಾಳಿ ತುಂಬಬೇಕು, ಅದಕ್ಕೆಂದೇ ಮುಚ್ಚಳದಲ್ಲಿ ಒಂದು ಸಣ್ಣ ತೂತು, ಅದನ್ನು ಮುಚ್ಚಿ ತೆರೆಯಲು ಒಂದು ಸ್ಕ್ರೂ ಇರುತ್ತದೆ. ಮೂರರಲ್ಲಿ ಯಾವುದು ಎಂದು ದಡದಲ್ಲಿ ಕೂತು ಹೇಳಲು ಸಾಧ್ಯವಿಲ್ಲ. ಕೆರೆಯ ನಡುವೆ, ಮುಗ್ಗರಿಸುವ ಆ ಕ್ಷಣಕ್ಕೇ ನೋಡಬೇಕು. ನನಗೆ ಈಜು ಬಾರದು.

“ನಾಳೆ ಪೇಪರಿಗೆ ಸೈನ್ ಹಾಕಲ್ಲ” ಎಂದು ಹೇಳಿ ಎದ್ದೆ. ಅವನು ಮೊದಲ ಸಲ ನನ್ನ ಮುಖ ನೋಡಿದ.

“ನೀನ್ ಆಕ್ದಿದ್ರೆ ಇನ್ನೊಬ್ಬ ಆಕ್ತಾನೆ. ಅವರು ನನ್ನ ಒಳಗೆ ಆಕ್ಸೋದಂತೂ ಗ್ಯಾರಂಟಿ. ಮಿಷೀನ್‌ಗೆ ಏನಾಗೈತೆ ಅಂತ ತೋರ್ಸೋಕಾಗ್ತದಾ ನಿನಗೆ? ಅದನ್ನ ಏಳು” ಅಂದ.

ಸೋಮವಾರ ಬೆಳಿಗ್ಗೆ ಕೆರೆ ದಂಡೆಯಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. ದೋಣಿಯಾಳೂ ಅವನ ಹೆಂಡತಿಯೂ ನನ್ನ ಹಿಂದೆಯೇ ಬಂದು ನಿಂತರು. ಕಂಟ್ರಾಕ್ಟರ್ ಪೇಪರ್ ಬರೆಸಿಯೇ ತಂದಿದ್ದ. ಜೀಪಿನ ಬಾನೆಟ್ಟಿನ ಮೇಲಿಟ್ಟು ಪೆನ್ನು ಕೊಟ್ಟ. ನಾನು ಪೆನ್ನು ಮುಟ್ಟಲಿಲ್ಲ. “ನಡುನೀರಿನಲ್ಲಿ ಓಡಿಸಿ ನೋಡದೆ ಸೈನ್ ಹಾಕಲ್ಲ” ಎಂದೆ.

ಅವನ ಆಳೊಬ್ಬ ಹಿಂದಿನಿಂದ ಬಂದು ನನ್ನ ಕುತ್ತಿಗೆ ಹಿಡಿದು ಮುಖವನ್ನು ಬಾನೆಟ್ಟಿಗೆ ಗುದ್ದಿದ. ಮೂಗಿನಿಂದ ಬೆಚ್ಚಗೆ ಇಳಿಯಿತು. ಪೇಪರಿನ ಮೇಲೆ ನಾಲ್ಕು ಹನಿ ರಕ್ತ. ಎಲ್ಲಿತ್ತೋ ಆ ಸಿಟ್ಟು! ತಿರುಗಿ ಅವನ ಎದೆಗೆ ಮೊಣಕೈಯಲ್ಲಿ ತಿವಿದೆ. “ಮುರಿಯೋ, ನನ್ನ ಕೈನೂ ಮುರಿ! ಆಮೇಲೆ ನಿಮ್ಮ ಮೋಟಾರು ಯಾವನು ನೋಡ್ತಾನೆ? ಇವನನ್ನ ಜೈಲಿಗೆ ಹಾಕಿದ ಮೇಲೂ ಅದು ಹೀಗೇ ಮುಗ್ಗರಿಸುತ್ತೆ. ಮುಂದಿನ ಸಲ ನಿಮ್ಮಲ್ಲಿ ಯಾರ ತಲೆ ಒಡೆಯುತ್ತೋ ನೋಡ್ಕೊಳ್ಳಿ!”

ಕಂಟ್ರಾಕ್ಟರ್ ಕೈ ಎತ್ತಿ ತನ್ನವನನ್ನು ತಡೆದ. ತಮ್ಮನ ತಲೆಯ ಮಾತು ಅವನಿಗೆ ನಾಟಿತ್ತು. “ಏನ್ ಮಾಡ್ಬೇಕು ಏಳು” ಅಂದ.

ಹೇಳಿದೆ. ಪೆಟ್ರೋಲ್ ನೀವೇ ಬಂಕಿನಿಂದ ತನ್ನಿ. ಇವರೆಲ್ಲರ ಮುಂದೆ ಬಟ್ಟೆಯಲ್ಲಿ ಸೋಸಿ ನೀವೇ ಹಾಕಿ. ಮುಚ್ಚಳ ನೀವೇ ಬಿಗಿಯಿರಿ, ಆಮೇಲೆ ಯಾರೂ ಮುಟ್ಟಬಾರದು. ದೋಣಿಯನ್ನೂ ನೀವೇ ಓಡಿಸಿ. ದೋಣಿಯಾಳು ಮುಂದೆ ಕೂರಲಿ, ಯಾವ ಜಾಗದಲ್ಲಿ ಕಾಡುತ್ತದೆ ಎಂದು ಅವನು ತೋರಿಸಲಿ. ನಾನು ಎಂಜಿನ್ ಪಕ್ಕ ಕೂರುತ್ತೇನೆ.

“ಸರಿ. ನಡುನೀರಾಗೆ ಚೆನ್ನಾಗಿ ಓಡ್ತು ಅಂದ್ರೆ ನಿಮ್ಮಿಬ್ಬರನ್ನೂ ಅಲ್ಲೇ ಇಳಿಸಿ ಬತ್ತೀನಿ” ಅಂದ. ತಮಾಷೆಗೆ ಹೇಳಿದ್ದಲ್ಲ.

ದಡ ಬಿಟ್ಟೆವು. ನಾನು ಎರಡು ಪ್ಲಗ್ ವೈರಿಗೂ ಕಿಡಿ ಬಂದಾಗಲೆಲ್ಲ ಮಿನುಗುವ ಸಣ್ಣ ದೀಪ ಸಿಕ್ಕಿಸಿದ್ದೆ. ಎಡಗೈಯಲ್ಲಿ ರಬ್ಬರ್ ಬುರುಡೆ ಹಿಡಿದುಕೊಂಡೆ. ಕಂಟ್ರಾಕ್ಟರ್ ಎಕ್ಸಲೇಟರ್ ತಿರುವಿದ. ದೋಣಿ ಮೂತಿ ಎತ್ತಿ ಹಾರಿತು. ನಿಲ್ಲಿಸಿದ, ಮತ್ತೆ ತಿರುವಿದ, ಮತ್ತೆ ಹಾರಿತು. ಐದು ನಿಮಿಷವಾಯಿತು, ಎಂಟು ನಿಮಿಷವಾಯಿತು. ಎಂಜಿನ್ ಹೊಸದರ ಹಾಗೆ ಓಡುತ್ತಿತ್ತು. ಅವನು ನನ್ನ ಕಡೆ ನೋಡಿ ಹಲ್ಲು ಕಿರಿದ. “ಈಜು ಬತ್ತದಾ?” ಎಂದು ಕೇಳಿದ. ನಾನು ಬಲಗೈಯಲ್ಲಿ ದೋಣಿಯ ಅಂಚು ಹಿಡಿದುಕೊಂಡೆ. ಮುಂದೆ ಕೂತಿದ್ದ ದೋಣಿಯಾಳು ಹಿಂದೆ ತಿರುಗದೆ, “ಇನ್ನೂ ಓಗ್ಲಿ, ಬಂಡೆ ದಾಟ್ಲಿ” ಅಂದ.

ಬಂಡೆ ದಾಟಿತು. ಕಂಟ್ರಾಕ್ಟರ್ ನಿಧಾನ ಮಾಡಿ, ಸಿಟ್ಟಿನಿಂದ ಒಂದೇ ಸಲ ಪೂರ್ತಿ ತಿರುವಿದ. ಎಂಜಿನ್ ‘ಬ್ವಾ’ ಎಂದು ಕೆಮ್ಮಿತು. ದೋಣಿಯ ಮೂತಿ ಕೆಳಗೆ ಕುಸಿಯಿತು. ನಾವು ಮೂವರೂ ಮುಂದಕ್ಕೆ ಮುಗ್ಗರಿಸಿದೆವು. ಅವನು ಬಿಟ್ಟು ಮತ್ತೆ ತಿರುವಿದ, ಮತ್ತೆ ಕೆಮ್ಮು. “ಬಂತು! ಬಂತು!” ಎಂದು ನಾನು ಹುಚ್ಚನ ಹಾಗೆ ಕೂಗಿದೆ. ಮೊದಲು ದೀಪ ನೋಡಿದೆ. ಎರಡೂ ಮಿನುಗುತ್ತಿದ್ದವು. ಅಂದರೆ ಕಿಡಿ ಇದೆ, ಕಾಯಿಲಿನ ತಪ್ಪಲ್ಲ. ಕೈಯಲ್ಲಿದ್ದ ಬುರುಡೆ ಎರಡು ಬೆರಳಿನ ನಡುವೆ ಅಂಟಿಕೊಂಡು ಚಪ್ಪಟೆಯಾಗಿತ್ತು.

“ಇಲ್ಲಿ ಕೈ ಕೊಡಿ” ಎಂದು ಕಂಟ್ರಾಕ್ಟರನ ಕೈ ಎಳೆದು ಬುರುಡೆಯ ಮೇಲಿಟ್ಟೆ. “ಎಂಜಿನ್ ಎಳೀತಾ ಇದೆ, ಪೆಟ್ರೋಲ್ ಬರ್ತಾ ಇಲ್ಲ. ಬುರುಡೆಯಿಂದ ಆಚೆ ಅಡ್ಡಿ ಇದ್ದಿದ್ದರೆ ಇದು ತುಂಬಿ ಗಟ್ಟಿಯಾಗಿರ್ತಿತ್ತು. ಚಪ್ಪಟೆ ಆಗಿದೆ ಅಂದ್ರೆ ಅಡ್ಡಿ ಇದಕ್ಕಿಂತ ಹಿಂದೆ, ಟ್ಯಾಂಕಿನ ಕಡೆ. ಟ್ಯಾಂಕ್ ನೋಡಿ.”

ಟ್ಯಾಂಕಿನ ಎರಡು ಪಕ್ಕೆಯೂ ಒಳಕ್ಕೆ ಹೋಗಿದ್ದವು. ಅವನು ದಿಟ್ಟಿಸಿ ನೋಡಿದ.

“ಮುಚ್ಚಳ ಬಿಗಿದಿದ್ದು ನೀವು. ತೆಗೆಯೋದೂ ನೀವೇ” ಎಂದೆ.

ಅವನು ಒಂದು ಸುತ್ತು ತಿರುವಿದ. ಸುಯ್ಯೆಂದು ಗಾಳಿ ಒಳಗೆ ನುಗ್ಗಿತು. ಟ್ಯಾಂಕಿನ ಪಕ್ಕೆ ಡಬ್ ಎಂದು ಹೊರಗೆ ಬಂತು. ಕೈಯಲ್ಲಿದ್ದ ಬುರುಡೆ ಉಬ್ಬಿತು. “ಈಗ ತಿರುವಿ” ಎಂದೆ. ಅವನು ತಿರುವಿದ. ದೋಣಿ ಹಾರಿದ ರಭಸಕ್ಕೆ ದೋಣಿಯಾಳು ಎಡಗೈಯಲ್ಲಿ ಅಂಚು ಹಿಡಿದುಕೊಳ್ಳದಿದ್ದರೆ ನೀರಿಗೆ ಬೀಳುತ್ತಿದ್ದ.

ಶುಕ್ರವಾರ ದಡದಲ್ಲಿ ನಾನು ಎರಡು ಗಂಟೆ ಕತ್ತೆಯ ಹಾಗೆ ದುಡಿದರೂ ಸಿಕ್ಕದಿದ್ದು ಏಕೆ ಎಂದು ಆಗ ಹೊಳೆಯಿತು. ಮೂಸಲು, ನೋಡಲು, ಅಳೆಯಲು ಎಂದು ನಾನು ಮುಚ್ಚಳ ತೆಗೆದಾಗಲೆಲ್ಲ ಟ್ಯಾಂಕಿಗೆ ಗಾಳಿ ಹೋಗುತ್ತಿತ್ತು. ರೋಗವನ್ನು ನಾನೇ ಓಡಿಸಿ, ಆಮೇಲೆ ಹುಡುಕುತ್ತಿದ್ದೆ.

“ಗಾಳಿ ಸ್ಕ್ರೂ ಬಿಚ್ಚೇ ಇತ್ತಲ್ಲ” ಎಂದು ಕಂಟ್ರಾಕ್ಟರ್ ಗೊಣಗಿದ. ನಾನು ಎಂಜಿನ್ ಆರಿಸಿ, ಮುಚ್ಚಳ ತೊಡೆಯ ಮೇಲಿಟ್ಟುಕೊಂಡು ಸ್ಕ್ರೂವನ್ನು ಪೂರ್ತಿ ಕಳಚಿದೆ. ಸ್ಕ್ರೂ ಬಿಚ್ಚಿತ್ತು ನಿಜ, ಅದರ ಕೆಳಗಿನ ತೂತು ಮುಚ್ಚಿತ್ತು. ಪಿನ್ನಿನಲ್ಲಿ ಕೆದಕಿದೆ. ಹಳದಿ ಪುಡಿ ಬಂತು, ಕೆಂಪು ಪುಡಿ ಬಂತು, ಸಿಮೆಂಟಿನ ಹಾಗೆ ಒಣಗಿದ ಗಂಧ ಬಂತು. ಕೊನೆಗೆ ಬಂದದ್ದು ಒಂದು ಮುರುಕು ಅಕ್ಷತೆ ಕಾಳು.

ಕಾಳು ನನ್ನ ಅಂಗೈಯಲ್ಲಿತ್ತು. ಎಂಜಿನ್ ನಿಂತ ದೋಣಿ ಸುಮ್ಮನೆ ಓಲಾಡುತ್ತಿತ್ತು. “ಪೂಜೆ ಮಾಡಿದ್ದು ಯಾರು?” ಎಂದು ಕೇಳಿದೆ. ಕೇಳಬೇಕಾಗಿರಲಿಲ್ಲ. ಅವನ ಮುಖವೇ ಹೇಳುತ್ತಿತ್ತು.

“ನಾನೇ” ಅಂದ. “ಟೆಂಡರ್ ಸಿಕ್ಕಿದ ಮೊದಲ್ನೇ ವರ್ಸ. ಮಿಷೀನ್‌ಗೆ ಟ್ಯಾಂಕೇ ಒಟ್ಟೆ ಅಂತ ನಮ್ಮಪ್ಪ ಏಳ್ತಿದ್ದ. ಅದಕ್ಕೆ ಟ್ಯಾಂಕಿಗೆ ಬೇರೆ ಮಾಡಿದೆ. ಮುಚ್ಚಳದ ಮೇಲೆ ಗಂಧ ಇಕ್ಕಿ, ಅಕ್ಷತೆ ಆಕಿ...” ಮಾತು ಅಲ್ಲಿಗೇ ನಿಂತಿತು. ಆಯುಧಪೂಜೆಯ ದಿನ ಮಿಷೀನಿನ ಮೇಲೆ ಎಲ್ಲಿ ಎತ್ತರ, ಎಲ್ಲಿ ನಡುಮಧ್ಯೆ ಕಾಣುತ್ತದೋ ಅಲ್ಲಿಗೇ ನಮ್ಮ ಬೆರಳು ಹೋಗುತ್ತದೆ. ಮುಚ್ಚಳದ ನಡುಮಧ್ಯೆ ಇರುವುದು ಆ ತೂತೇ. ನಾನೂ ನನ್ನ ಕಂಪ್ರೆಸರಿಗೆ ಹಾಗೇ ಬಳಿಯುತ್ತೇನೆ.

ಆಮೇಲೆ ಅವನು ಎದ್ದ. ಹುಟ್ಟು ಎತ್ತಿ ನನ್ನ ಭುಜಕ್ಕೆ ಬಾರಿಸಿದ. “ಸುಳ್ಳು ಏಳ್ತೀಯೇನ್ಲಾ! ದೇವ್ರ ಮೇಲೆ ಆಕ್ತೀಯಾ!” ಎಂದು ಕೂಗುತ್ತಾ ಇನ್ನೊಂದು ಬೀಸಿದ. ಅದು ಎಂಜಿನ್ನಿನ ಮೇಲೆ ಬಿದ್ದು ಮೇಲಿನ ಕವಚ ಸೀಳಿತು. ದೋಣಿ ಒಂದು ಕಡೆ ವಾಲಿ ನೀರು ಒಳಗೆ ನುಗ್ಗಿತು. ನಾನು ತಳದಲ್ಲಿ ಬಿದ್ದು ಟ್ಯಾಂಕನ್ನು ತಬ್ಬಿಕೊಂಡಿದ್ದೆ.

“ಕುಂತ್ಕೋ!” ಎಂದು ದೋಣಿಯಾಳು ಗರ್ಜಿಸಿದ. ಆ ಸಣಕಲು ಮೈಯಲ್ಲಿ ಅಂಥ ದನಿ ಇದೆ ಎಂದು ನನಗೆ ಗೊತ್ತಿರಲಿಲ್ಲ. “ಮಗುಚ್ಕೊಂತದೆ! ಕುಂತ್ಕೋ ಅಂದೆ!”

ಕಂಟ್ರಾಕ್ಟರ್ ಕೂತ. ಹುಟ್ಟು ಕೈಯಿಂದ ಜಾರಿತು. ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು ತಮ್ಮನ ಹೆಸರು ಹಿಡಿದು ಗೊಳೋ ಎಂದು ಅತ್ತ. ನನಗೆ ಅವನ ಮೇಲೆ ಕನಿಕರ ಬರಲಿಲ್ಲ. ಭುಜ ಅಷ್ಟು ನೋಯುತ್ತಿತ್ತು.

ಅಳು ನಿಂತ ಮೇಲೆ ವಿಭೂತಿ ಒರೆಸಿಕೊಂಡು ವ್ಯವಹಾರಕ್ಕೆ ಇಳಿದ. “ನೋಡು ಮೆಕ್ಯಾನಿಕ್ಕು. ದಡದಾಗೆ ನನ್ನ ಆಳುಗಳವ್ರೆ. ಪೈಪ್ ಅಳೇದಾಗಿತ್ತು ಅಂತ ಏಳ್ಬಿಡು. ಇವನ ಮೇಲೆ ಕಂಪ್ಲೇಂಟ್ ಕೊಡಲ್ಲ. ಕೆಲಸಕ್ಕೂ ಇಕ್ಕೊಂತೀನಿ. ಮುಗೀತು.”

ಮುಗಿಯುತ್ತದೆ ಎಂದು ನನಗೂ ಅನ್ನಿಸಿತು. ಜೈಲು ತಪ್ಪಿತು, ಸೈನ್ ತಪ್ಪಿತು, ಇನ್ನೇನು ಬೇಕು? ಹೂಂ ಅನ್ನಲು ಬಾಯಿ ತೆರೆದೆ. ಮುಂದೆ ಕೂತವನ ಬೆನ್ನು ಕಂಡಿತು, ಎದೆಗೆ ಒತ್ತಿ ಹಿಡಿದ ಕಟ್ಟು ಕಂಡಿತು. ಶುಕ್ರವಾರ ಹೀಗೆಯೇ ಬಾಯಿ ತೆರೆದಿದ್ದೆ. “ನನ್ನನ್ನ ಕೇಳಬೇಡಿ, ಅವನನ್ನ ಕೇಳಿ” ಎಂದೆ.

ದೋಣಿಯಾಳು ಮೊದಲ ಸಲ ಪೂರ್ತಿ ಹಿಂದಕ್ಕೆ ತಿರುಗಿ ಕೂತ. “ಪೈಪ್ ಅಲ್ಲ” ಅಂದ. “ಕೆಲಸ ಬೇಡ. ನನ್ನ ಎಲ್ಲಿ ಕೆಡವಿ ಒಡೆದೆಯೋ, ಆ ಕಲ್ಲಿನ ಹತ್ರ ನಿಂತ್ಕೊಂಡು ಇದ್ದದ್ದು ಇದ್ದಂಗೆ ಏಳು. ಅವತ್ತು ಇದ್ದೋರೆಲ್ಲ ಕೇಳ್ಲಿ. ನನ್ನ ಎಂಡ್ತೀನೂ ಕೇಳ್ಲಿ.”

“ಏಳ್ದಿದ್ರೆ?”

“ಏಳ್ದಿದ್ರೆ ಆ ಕಾಳು ಇಟ್ಕೊಂಡು ನಾನೇ ಠಾಣೆಗೆ ಓಗ್ತೀನಿ. ಮುರಿದ ಕೈ ತೋರಿಸ್ತೀನಿ. ಮೆಕ್ಯಾನಿಕ್ಕು ಸಾಕ್ಷಿ ಏಳ್ತಾನೆ.”

ಕಂಟ್ರಾಕ್ಟರ್ ನನ್ನ ಕಡೆ ನೋಡಿದ. “ಹೇಳ್ತೀನಿ” ಎಂದೆ. ಮುಚ್ಚಳ ಬಿಗಿದು ನಾನೇ ಎಂಜಿನ್ ಸ್ಟಾರ್ಟ್ ಮಾಡಿದೆ. ದಡ ಸೇರುವ ತನಕ ಅದು ಒಂದೇ ಸಮನೆ ಓಡಿತು.

ಅವನು ಬಲೆ ಗಳಗಳ ಹತ್ತಿರ, ಕಲ್ಲಿನ ಪಕ್ಕ ಹೋಗಿ ನಿಂತ. ಆಳುಗಳು ಏನೆಂದು ತಿಳಿಯದೆ ಸುತ್ತ ಸೇರಿದರು. ದೋಣಿಯಾಳಿನ ಹೆಂಡತಿ ಸೆರಗು ಬಿಗಿದುಕೊಂಡು ಹಿಂದೆ ನಿಂತಿದ್ದಳು. ಕಂಟ್ರಾಕ್ಟರ್ ನೆಲ ನೋಡುತ್ತಾ, “ಇವನು ನೀರ್ ಆಕಿಲ್ಲ. ನಾನು ಪೂಜೆ ಮಾಡಿದ್ದಕ್ಕೆ ಮುಚ್ಚಳದ ತೂತು ಮುಚ್ಚೋಗಿತ್ತು. ಒಡೆದಿದ್ದು ನನ್ ತಪ್ಪು” ಅಂದ. ಜೇಬಿನಿಂದ ಆ ಪೇಪರ್ ತೆಗೆದು ಹರಿದ. ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೈ ಮೆಟ್ಟಿ ಹಿಡಿದಿದ್ದವನು ಹಿಂದೆ ಸರಿದ.

ನನ್ನ ಕೆಲಸ ಮುಗಿಯಿತು ಎಂದುಕೊಂಡೆ. ನಿಜ ಹೇಳಬೇಕೆಂದರೆ ಒಳಗೊಳಗೇ ಹೆಮ್ಮೆಯೂ ಆಗಿತ್ತು. ಚೀಲ ಹೆಗಲಿಗೆ ಹಾಕಿ ರಸ್ತೆಯ ಕಡೆ ತಿರುಗಿದೆ.

“ಮೆಕ್ಯಾನಿಕ್ಕೂ ಬರ್ಲಿ” ಎಂದು ದೋಣಿಯಾಳು ಕರೆದ.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಎಡಗೈಯಲ್ಲಿ ಕಲ್ಲನ್ನು ತೋರಿಸಿದ. ನಾನು ಚೀಲ ಕೆಳಗಿಟ್ಟು ಕಲ್ಲಿನ ಹತ್ತಿರ ಹೋಗಿ ನಿಂತೆ. ಕಲ್ಲಿನ ಮೇಲೆ ಹುಟ್ಟಿನ ಪೇಂಟು ಅಂಟಿತ್ತು. ಗೊತ್ತಿಲ್ಲದೆ ಹೇಳಿಬಿಟ್ಟೆ, ತಪ್ಪಾಯಿತು ಎಂದು ಹೇಳೋಣ ಎಂದುಕೊಂಡಿದ್ದೆ. ಅವನು ನನ್ನ ಬಾಯನ್ನೇ ನೋಡುತ್ತಿದ್ದ.

“ಒಂದೇ ಒಂದು ತೊಟ್ಟು ನೀರಿತ್ತು” ಎಂದೆ. “ಹಳೇ ಟ್ಯಾಂಕ್ ಯಾವುದರಲ್ಲಾದರೂ ಅಷ್ಟು ಇರುತ್ತೆ. ಅದರಿಂದ ಎಂಜಿನ್ ಮುಗ್ಗರಿಸಲ್ಲ. ಅದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ.”

“ಇಂದಕ್ಕೆ ಕೇಳಿಸ್ತಿಲ್ಲ” ಎಂದಳು ಹಿಂದೆ ನಿಂತಿದ್ದ ಅವನ ಹೆಂಡತಿ.

ನಾನು ತಲೆ ಎತ್ತಿ, ಇನ್ನೊಂದು ಸಲ, ಜೋರಾಗಿ ಹೇಳಿದೆ.